ಪಂಚರ್ ಕಿಟ್ ಬ್ಯಾಗಲ್ಲಿ ಇದೆ, ಆದ್ರೆ ಕೆಲಸ ಮಾಡುತ್ತಾ ಅಂತ ಹೇಗೆ ಚೆಕ್ ಮಾಡ್ತೀರ?

ದೂರದಾರಿ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮೊದಲನೇ ಸಲ 200 ಕಿಲೋಮೀಟರ್ ಬ್ರೆವೆಗೆ (ಇಷ್ಟೇ ಟೈಮಲ್ಲಿ ಮುಗಿಸೋ ದೂರದ ಸೈಕಲ್ ರೈಡ್) ಹೆಸರು ಕೊಟ್ಟಿದೀನಿ. 13 ಗಂಟೆ 30 ನಿಮಿಷದಲ್ಲಿ ಮುಗಿಸ್ಬೇಕು, ಕಂಟ್ರೋಲ್ ಪಾಯಿಂಟ್ (ದಾರೀಲಿ ಹಾಜರಿ ಹಾಕಿಸೋ ಜಾಗ) ಬಿಟ್ರೆ ದಾರಿ ಮಧ್ಯ ನಮ್ಮ ಕಡೆಯವರು ಹಿಂದೆ ಹಿಂದೆ ಗಾಡೀಲಿ ಬಂದು ಸಹಾಯ ಮಾಡೋ ಹಾಗಿಲ್ಲ, ಏನೇ ಆದ್ರೂ ನಮ್ಮ ಹತ್ರ ಇರೋದ್ರಲ್ಲೇ ರಿಪೇರಿ ಮಾಡ್ಕೊಂಡು ಮುಂದೆ ಹೋಗ್ಬೇಕು.

ಸೀಟ್ ಕೆಳಗಿನ ಬ್ಯಾಗಲ್ಲಿ ನನ್ನ ಹತ್ರ ಇರೋದು ಇಷ್ಟು: ಒಂದು ಸ್ಪೇರ್ ಟ್ಯೂಬ್, ಪ್ಯಾಚ್ ಡಬ್ಬಿ (ಅದರೊಳಗೆ ಸೊಲ್ಯೂಷನ್, ಸ್ಯಾಂಡ್ ಪೇಪರ್ ಚೂರು), ಎರಡು ಪ್ಲಾಸ್ಟಿಕ್ ಟಯರ್ ಲಿವರ್, ಒಂದು ಮಲ್ಟಿಟೂಲ್ (ಹಲವು ಕೀ ಮಡಚಿಡೋ ಚಿಕ್ಕ ಟೂಲ್). ಚಿಕ್ಕ ಪಂಪ್ ಫ್ರೇಮಿಗೆ ಕಟ್ಟಿದೀನಿ. ಅದೃಷ್ಟಕ್ಕೆ ಸುಮಾರು ದಿನದಿಂದ ಪಂಚರ್ರೇ ಆಗಿಲ್ಲ, ಹಾಗಾಗಿ ಇವು ಯಾವ್ದೂ ಬ್ಯಾಗಿಂದ ಆಚೆ ಬಂದಿಲ್ಲ. ಏನೇನು ತಗೊಂಡು ಹೋಗ್ಬೇಕು ಅನ್ನೋ ಲಿಸ್ಟ್ ಎಲ್ಲಾ ಕಡೆ ಸಿಗುತ್ತೆ, ಆದ್ರೆ ತಗೊಂಡಿರೋದು ಇನ್ನೂ ಸರಿ ಇದ್ಯಾ ಅಂತ ನೋಡೋದು ಹೇಗೆ ಅಂತ ಯಾರೂ ಬರೆದಿಲ್ಲ. ಸುಮ್ನೆ ಬ್ಯಾಗಲ್ಲಿ ಕೂತಿರೋ ಸಾಮಾನು ಕೆಡುತ್ತಾ? ಎಷ್ಟು ದಿನಕ್ಕೊಮ್ಮೆ ತೆಗೆದು ನೋಡ್ತೀರ? ಅನುಭವ ಇರೋರು ದಯವಿಟ್ಟು ಹೇಳಿ. ನನ್ನ ಸೈಕಲ್: ಟಯರ್ 700-32 (ಅಗಲ 32 ಮಿ.ಮೀ.), ಪ್ರೆಸ್ಟಾ ವಾಲ್ವ್ (ತೆಳ್ಳಗಿರೋ, ಮೇಲಿನ ಮೊನೆ ತಿರುಗಿಸಿ ತೆರೆಯೋ ಥರದ್ದು), 11 ಸ್ಪೀಡ್ (ಹಿಂದೆ 11 ಗೇರ್), ಡಿಸ್ಕ್ ಬ್ರೇಕ್.

ಹಳೇಟಯರ್:

ಒಳ್ಳೇ ಪ್ರಶ್ನೆ ಕೇಳಿದ್ರಿ, ಬ್ರೆವೆಗೆ ಇನ್ನೂ ಟೈಮ್ ಇರುವಾಗ್ಲೇ ಕೇಳಿದ್ದು ಇನ್ನೂ ಒಳ್ಳೇದಾಯ್ತು. ಖಂಡಿತ ಕೆಡುತ್ತೆ ಸರ್. ಬಳಸ್ದೇ ಇದ್ದಷ್ಟೂ ಬೇಗ ಕೆಡೋ ಸಾಮಾನುಗಳು ಇವು.

ಮೊದಲು ಸೊಲ್ಯೂಷನ್ ನೋಡಿ, ನೂರಕ್ಕೆ ನೂರು ಜನರ ಕಿಟ್‌ನಲ್ಲಿ ಮೊದಲು ಸಾಯೋದು ಅದೇ. ಸೊಲ್ಯೂಷನ್ ಇರೋ ಹೊಸ ಟ್ಯೂಬಿನ ಬಾಯಿಗೆ ತೆಳ್ಳಗೆ ಲೋಹದ ಪೊರೆ ಇರುತ್ತೆ, ಮುಚ್ಚಳ ತಿರುಗಿಸಿ ಅದರ ಹಿಂಬದಿ ಮೊನೆಯಿಂದ ಚುಚ್ಚಿ ತೆಗೀತೀವಲ್ಲ, ಅದು. ಒಂದು ಸಲ ಆ ಪೊರೆ ಒಡೀತು ಅಂದ್ರೆ ಮುಚ್ಚಳ ಎಷ್ಟೇ ಬಿಗಿಯಾಗಿ ಹಾಕಿದ್ರೂ ಒಳಗಿನ ದ್ರಾವಕ ನಿಧಾನಕ್ಕೆ ಆವಿಯಾಗಿ ಹೋಗ್ತಾ ಇರುತ್ತೆ. ಕೆಲವು ತಿಂಗಳು ಬಿಟ್ಟು ತೆಗೆದ್ರೆ ಒಳಗೆ ರಬ್ಬರಿನ ಒಣ ಎಳೆ ಅಷ್ಟೇ ಸಿಗೋದು. ಚೆಕ್ ಮಾಡೋದು ಹೀಗೆ: ಟ್ಯೂಬನ್ನ ಎರಡು ಬೆರಳ ಮಧ್ಯ ಹಿಡಿದು ಹಿಂದಿನ ತುದಿಯಿಂದ ಬಾಯಿ ಕಡೆಗೆ ಮೆಲ್ಲಗೆ ಒತ್ತುತ್ತಾ ಬನ್ನಿ, ಸರಿ ಇದ್ರೆ ಒಳಗೆ ದ್ರವ ಜರುಗೋದು ಬೆರಳಿಗೆ ಗೊತ್ತಾಗುತ್ತೆ, ಒಣಗಿದ್ರೆ ಬರೀ ಗಾಳಿ ತುಂಬಿದ ಹಾಗೆ ಪೊಳ್ಳಾಗಿ ಒಳಗೆ ಹೋಗುತ್ತೆ, ಇಲ್ಲಾಂದ್ರೆ ಒಂದು ಕಡೆ ಗಟ್ಟಿ ಉಂಡೆ ಸಿಗುತ್ತೆ. ಪೊರೆ ಒಡೆಯದ ಟ್ಯೂಬನ್ನೂ ಹೀಗೇ ಒತ್ತಿ ನೋಡಿ, ಮಡಚಿದ ಮೂಲೇಲಿ ಸಣ್ಣ ಬಿರುಕು ಬಿಟ್ಟಿದ್ರೆ ಅದೂ ಒಣಗಿರುತ್ತೆ. ನಾನು ಯಾವಾಗ್ಲೂ ಚಿಕ್ಕ ಟ್ಯೂಬ್ ಎರಡು ಇಟ್ಕೊಳ್ತೀನಿ, ದೊಡ್ಡದು ಒಂದು ಇಡಲ್ಲ, ಯಾಕಂದ್ರೆ ದೊಡ್ಡದು ಒಡೆದ್ರೆ ಪೂರ್ತಿ ಒಣಗುತ್ತೆ, ಚಿಕ್ಕದರಲ್ಲಿ ಒಂದು ಒಡೆದ್ರೂ ಇನ್ನೊಂದು ಸೀಲ್ ಆಗೇ ಇರುತ್ತೆ. ಒಡೆದಿದ್ದನ್ನ ಮನೇಲಿ ಇಟ್ಟು ಮುಗಿಸಿ, ಬ್ಯಾಗಿಗೆ ಹೊಸದು ಹಾಕಿ.

ಪ್ಯಾಚುಗಳು ಅಷ್ಟು ಬೇಗ ಹಾಳಾಗಲ್ಲ, ಅಡಿ ಭಾಗದ ಹಾಳೆ ಎದ್ದು ಧೂಳು ತಾಗಿದ್ರೆ ಮಾತ್ರ ಎಸೀಬೇಕು, ಧೂಳು ಕೂತ ಮೇಲೆ ಅದು ಹಿಡಿಯಲ್ಲ. ಸ್ಯಾಂಡ್ ಪೇಪರ್ ತೇವ ಕುಡಿದಿದ್ರೆ ಮರಳೆಲ್ಲ ಉದುರಿ ಬರೀ ಕಾಗದ ಉಳಿದಿರುತ್ತೆ, ಅದಕ್ಕೆ ಹೊಸ ಚೂರು ಹಾಕಿ ಸಾಕು. ಉಜ್ಜೋದನ್ನ ಮಾತ್ರ ಸಸಾರ ಮಾಡ್ಬೇಡಿ, ಟ್ಯೂಬಿನ ಮೇಲೆ ಅಚ್ಚಿನ ಗೆರೆ ಉಬ್ಬಿರುತ್ತಲ್ಲ, ಅದು ಪೂರ್ತಿ ಸಮ ಆಗ್ದೇ ಇದ್ರೆ ಪ್ಯಾಚ್ ಅಂಚಿಂದ ಗಾಳಿ ಸೋರುತ್ತೆ.

ಈಗ ಸ್ಪೇರ್ ಟ್ಯೂಬ್. ಹೊಸದು, ಡಬ್ಬಿಯಿಂದ ತೆಗೆದು ಇಟ್ಟಿದ್ದು, ಅದಕ್ಕೇನಾಗುತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಬ್ಯಾಗ್ ಇಡೀ ದಿನ ಅಲ್ಲಾಡ್ತಾ ಇರುತ್ತೆ, ಪಕ್ಕದಲ್ಲಿ ಮಲ್ಟಿಟೂಲ್ ಇರುತ್ತೆ, ಅದರ ಮೂಲೆ ಟ್ಯೂಬಿಗೆ ಉಜ್ಜಿ ಉಜ್ಜಿ ತೂತೇ ಬೀಳುತ್ತೆ. ಬ್ಯಾಗಿನ ತಳದಲ್ಲಿ ಕಪ್ಪು ಪುಡಿ ಕಂಡ್ರೆ ಅದು ಟ್ಯೂಬಿಂದೇ ಅಂತ ತಿಳ್ಕೊಳ್ಳಿ. ತೆಗೆದು ಆಕಾರಕ್ಕೆ ಬರೋಷ್ಟು ಮಾತ್ರ ಗಾಳಿ ಹಾಕಿ (ಟಯರ್ ಇಲ್ದೇ ಜಾಸ್ತಿ ಹಾಕಿದ್ರೆ ಒಂದೇ ಕಡೆ ಉಬ್ಕೊಂಡು ಹಾಳಾಗುತ್ತೆ), ಒಂದು ರಾತ್ರಿ ಬಿಡಿ, ಬೆಳಗ್ಗೆ ಹಾಗೇ ಇದ್ರೆ ಸರಿ ಇದೆ. ಮಡಿಕೆ ಬಿದ್ದ ಜಾಗಗಳನ್ನ ಬೆಳಕಿಗೆ ಹಿಡಿದು ಎಳೆದು ನೋಡಿ, ಸಣ್ಣ ಸಣ್ಣ ಬಿರುಕು ಕಾಣ್ಸಿದ್ರೆ ಆ ಟ್ಯೂಬ್ ಬೇಡ. ವಾಲ್ವ್ ಬುಡದಲ್ಲೂ ನೋಡಿ, ಅಲ್ಲಿ ಹರಿದ್ರೆ ಪ್ಯಾಚ್ ಹಾಕೋಕೂ ಆಗಲ್ಲ.

ಆಮೇಲೆ ವಾಲ್ವ್ ತೆರೆದಿಟ್ಟು ಎದುರು ತುದಿಯಿಂದ ಸುರುಳಿ ಸುತ್ತುತ್ತಾ ಗಾಳಿ ಪೂರ್ತಿ ಹೊರಗೆ ಹಾಕಿ, ವಾಲ್ವ್ ಮುಚ್ಚಿ, ಮೇಲಿನ ಪ್ಲಾಸ್ಟಿಕ್ ಕ್ಯಾಪ್ ಹಾಕಿ. ರಸ್ತೇಲಿ ಓಡುವಾಗ ಪ್ರೆಸ್ಟಾಗೆ ಆ ಕ್ಯಾಪ್ ಇಲ್ದಿದ್ರೂ ನಡೆಯುತ್ತೆ, ಆದ್ರೆ ಬ್ಯಾಗಲ್ಲಿರೋ ಸ್ಪೇರ್ ಟ್ಯೂಬಿಗೆ ಬೇಕೇ ಬೇಕು, ಇಲ್ಲಾಂದ್ರೆ ವಾಲ್ವ್ ಮೊನೆ ಅದೇ ಟ್ಯೂಬನ್ನ ಚುಚ್ಚುತ್ತೆ. ಕೊನೇಲಿ ಒಂದು ಹಳೇ ಸಾಕ್ಸ್ ಒಳಗೆ ಹಾಕಿಡಿ. ಪಂಚರ್ ಹಾಕುವಾಗ ಅದೇ ಸಾಕ್ಸ್ ಕೈಗೆ ಹಾಕ್ಕೊಂಡು ಟಯರ್ ಒಳಗೆಲ್ಲ ಸವರಿ ಮುಳ್ಳು ಹುಡುಕಬಹುದು, ಬಟ್ಟೆ ಎಲ್ಲಿ ಸಿಕ್ಕಾಕ್ಕೊಳ್ಳುತ್ತೋ ಅಲ್ಲಿ ಮುಳ್ಳೋ ತಂತಿ ಚೂರೋ ಇರುತ್ತೆ.

ಇನ್ನೊಂದು, ಟ್ಯೂಬಿನ ಸೈಜು ಓದಿ. ಟಯರ್ ಬದಲಾಯಿಸಿದೋರು ಬ್ಯಾಗಲ್ಲಿರೋ ಟ್ಯೂಬ್ ಬದಲಾಯಿಸೋದನ್ನ ಮರೀತಾರೆ. ನಿಮ್ಮದು 32-622 (700-32ನ್ನೇ ಹೀಗೂ ಬರೀತಾರೆ). ಹಿಂದೆ 25ರ ಟಯರ್ ಇದ್ದಾಗ ತಗೊಂಡ ಟ್ಯೂಬ್ ಆದ್ರೆ ಅದರ ಮೇಲೆ ಬರೆದಿರೋ ರೇಂಜ್ ಒಳಗೆ 32 ಬರುತ್ತಾ ನೋಡ್ಕೊಳ್ಳಿ. ರಿಮ್ ಆಳ ಇದ್ರೆ ವಾಲ್ವ್ ಉದ್ದಾನೂ ಅಳೀಬೇಕು, ಪಂಪ್ ಕಚ್ಚೋಷ್ಟು ಹೊರಗೆ ಬರ್ದೇ ಇದ್ರೆ ಟ್ಯೂಬ್ ಇದ್ದೂ ಇಲ್ದ ಹಾಗೆ.

ಗಾಳಿಗಾಡಿ:

ನಮಸ್ಕಾರ್ರಿ. ಟ್ಯೂಬು, ಸೊಲ್ಯೂಷನ್ ಬಗ್ಗೆ ಮ್ಯಾಲೆ ಛಲೋ ಹೇಳ್ಯಾರ, ನಾ ಪಂಪಿನ ಬಗ್ಗೆ ಹೇಳ್ತೀನಿ, ಯಾಕಂದ್ರ ಪಂಪ್ ಏನ್ ಕೆಡ್ತೈತಿ ಅಂತ ಎಲ್ಲಾರೂ ಬಿಟ್ಟುಬಿಡ್ತಾರ. ಫ್ರೇಮಿಗೆ ಕಟ್ಟಿದ ಪಂಪಿಗೆ ಮುಂದಿನ ಗಾಲಿಯಿಂದ ಹಾರೋ ಧೂಳು, ಮಳಿ ನೀರು ಎಲ್ಲಾ ಬಡೀತೈತಿ, ಅದು ಒಳಗ ಹೋಗಿ ರಬ್ಬರ್ ರಿಂಗ್ ಒಣಗಿಸಿ ಬಿಡ್ತದ. ಹ್ಯಾಂಡಲ್ ಎಳದು ಒತ್ತಿದ್ರ ಪುಸ್ ಅಂತ ಗಾಳಿ ಬರ್ತದ, ಸರಿ ಐತಿ ಅಂತ ಅನಸ್ತದ. ಅದು ಪರೀಕ್ಷಾನ ಅಲ್ರಿ. ಟಯರಿನೊಳಗ ಒತ್ತಡ ಏರಿದ ಮ್ಯಾಲೇನ ಖರೇ ಗೊತ್ತಾಗೋದು, ಹಳೇ ರಿಂಗ್ ಇದ್ರ ಅರ್ಧ ಗಾಳಿ ತುಂಬಿದ ಮ್ಯಾಲೆ ನೀವು ಎಷ್ಟ್ ಒತ್ತಿದ್ರೂ ಗಾಳಿ ಹಿಂದಿನಿಂದ ಸೋರಿ ಹೋಗ್ತದ, ಟಯರ್ ಮಾತ್ರ ಗಟ್ಟಿ ಆಗಂಗಿಲ್ಲ.

ಅದಕ್ಕ ಮನ್ಯಾಗ ಒಂದು ಗಾಲಿ ಗಾಳಿ ಪೂರ್ತಿ ಬಿಟ್ಟು, ಅದ ಸಣ್ಣ ಪಂಪಿನಿಂದ ನೀವು ಓಡಸೋ ಒತ್ತಡದ ತನಕಾ ತುಂಬಿ ನೋಡ್ರಿ. ಮನ್ಯಾಗ ನಿಂತು ಹೊಡಿಯೋ ದೊಡ್ಡ ಪಂಪ್ ಇದ್ರ ಅದರ ಮೀಟರಿಂದ ಅಳೀರಿ, ಇಲ್ಲಂದ್ರ ಹೆಬ್ಬೆರಳಿನಿಂದ ಒತ್ತಿ ನೋಡ್ರಿ. ತೋಳು ನೋಯ್ತದ, ನೋಯ್ಲಿ. ಎಷ್ಟು ಹೊತ್ತು ಹಿಡೀತು, ಎಷ್ಟು ಗಟ್ಟಿ ಆತು ಅನ್ನೋದು ಮೊದಲ ಗೊತ್ತಿದ್ರ ದಾರ್ಯಾಗ ಗಾಬರಿ ಆಗಂಗಿಲ್ಲ.

ಗಾಳಿ ಏರಲಿಲ್ಲಂದ್ರ ಪಂಪ್ ಬಿಚ್ಚಿ ಒಳಗಿನ ರಿಂಗ್ ಒರಸಿ ಸ್ವಲ್ಪ ಸಿಲಿಕಾನ್ ಗ್ರೀಸ್ ಹಚ್ಚ್ರಿ. ತೆಳ್ಳಗಿನ ಸ್ಪ್ರೇ ಎಣ್ಣಿ ಹೊಡೀಬ್ಯಾಡ್ರಿ, ಅದು ಇರೋ ಗ್ರೀಸನ್ನೂ ತೊಳದು ಒಯ್ತದ. ಭಾಳ ಪಂಪುಗಳ ಬಾಯಾಗಿನ ರಬ್ಬರ್ ತಿರುವಿ ಹಾಕಿದ್ರ ಪ್ರೆಸ್ಟಾಕ್ಕೂ ಬರ್ತದ, ಶ್ರೇಡರ್‌ಗೂ (ಬೈಕು, ಕಾರಿಗೆ ಇರೋ ದಪ್ಪ ವಾಲ್ವ್) ಬರ್ತದ, ನಿಮ್ಮ ಪಂಪ್ ಈಗ ಪ್ರೆಸ್ಟಾಕ್ಕ ಐತೇನ್ ನೋಡ್ಕೊಳ್ರಿ. ಆ ರಬ್ಬರಿಗೆ ವಾಲ್ವಿನ ಥ್ರೆಡ್ ತಾಗಿ ತಾಗಿ ಒಳಗ ಗೀರು ಬಿದ್ದಿರ್ತಾವು, ಹಂಗಿದ್ರ ಅದೊಂದ ತುಂಡು ಬದಲಿ ಮಾಡಿದ್ರ ಸಾಕು.

ಪೈಪ್ ತಿರುವಿ ಹಾಕೋ ನಮೂನಿ ಪಂಪ್ ಇದ್ರ ಇನ್ನೊಂದು ತೊಂದ್ರಿ ಐತಿ. ಗಾಳಿ ತುಂಬಿ ಪೈಪ್ ಬಿಚ್ಚೂಮುಂದ ಅದರ ಜೋಡಿ ವಾಲ್ವಿನ ಒಳಗಿನ ಕೋರ್ ಕೂಡ ಬಿಚ್ಚಿ ಬಂದು, ತುಂಬಿದ ಗಾಳಿ ಎಲ್ಲಾ ಒಂದ ಸಲಕ್ಕ ಹೊರಗ. ಸ್ಪೇರ್ ಟ್ಯೂಬಿನ ಕೋರ್ ಮನ್ಯಾಗ ಇದ್ದಾಗ ಬಿಗಿ ಮಾಡಿ ಇಡ್ರಿ, ಕೋರ್ ಬಿಚ್ಚೋ ಸಣ್ಣ ಪ್ಲಾಸ್ಟಿಕ್ ಟೂಲ್ ಸಿಗ್ತದ, ಭಾರಾನ ಇರಂಗಿಲ್ಲ, ಬ್ಯಾಗಿನ್ಯಾಗ ಒಂದು ಇರ್ಲಿ.

ಬೆಟ್ಟದಸವಾರಿ:

ಪಂಪ್ ಬದ್ಲು ಸಿಓಟು ಕಾರ್ಟ್ರಿಡ್ಜ್ (ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಒತ್ತಿ ತುಂಬಿದ ಚಿಕ್ಕ ಡಬ್ಬಿ) ಇಟ್ಕೊಂಡ್ರೆ ಈ ತಲೆನೋವೇ ಇಲ್ವಲ್ಲ? 16 ಗ್ರಾಂ ಒಂದು ಸಾಕು 32ರ ಟಯರಿಗೆ, ಕ್ಷಣದಲ್ಲಿ ಕೆಲಸ ಆಗುತ್ತೆ, ಟೈಮ್ ಲಿಮಿಟ್ ಇರೋ ರೈಡಲ್ಲಿ ಅದು ದೊಡ್ಡ ವಿಷಯ ಅಂತ ನನ್ನ ಅಭಿಪ್ರಾಯ.

ಗಾಳಿಗಾಡಿ:

ಇಟ್ಕೊಳ್ರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಪಂಪ್ ಬಿಟ್ಟು ಅದೊಂದನ್ನ ನಂಬಬ್ಯಾಡ್ರಿ. ಕಾರ್ಟ್ರಿಡ್ಜ್ ಒಂದ ಸಲ ಚುಚ್ಚಿದ್ರ ಮುಗೀತು, ವಾಲ್ವಿನ ಮ್ಯಾಲೆ ಸರಿ ಕೂಡ್ಲಿಲ್ಲ ಅಂದ್ರ ಗ್ಯಾಸ್ ಎಲ್ಲಾ ಗಾಳ್ಯಾಗ. 200 ಕಿಲೋಮೀಟರ್‌ನ್ಯಾಗ ಎರಡು ಮೂರು ಪಂಚರ್ ಆಗೋದು ಏನ್ ದೊಡ್ಡ ಮಾತಲ್ಲ, ಎಷ್ಟ್ ಅಂತ ಹೊರ್ತೀರಿ? ಮತ್ತ ಆ ಗ್ಯಾಸ್ ಟ್ಯೂಬಿನ ರಬ್ಬರಿನೊಳಗಿಂದ ಗಾಳಿಕಿಂತ ಭಾಳ ಲಗೂ ನುಸುಳಿ ಹೋಗ್ತದ, ಮರುದಿನಕ್ಕ ಟಯರ್ ಮೆತ್ತಗ ಆಗಿರ್ತದ, ಮನಿಗೆ ಬಂದ ಮ್ಯಾಲೆ ಅದನ್ನ ಬಿಟ್ಟು ಸಾದಾ ಗಾಳಿ ಹಾಕಬೇಕು. ಚೆಕ್ ಮಾಡೋದಂದ್ರ, ಕಾರ್ಟ್ರಿಡ್ಜ್ ಬಾಯಿ ಚುಚ್ಚಿಲ್ಲ ಅನ್ನೋದು ನೋಡ್ರಿ, ಥ್ರೆಡ್ ಇರೋದು ಬ್ಯಾರೆ ಇಲ್ಲದ್ದು ಬ್ಯಾರೆ, ನಿಮ್ಮ ಹೆಡ್ಡಿಗೆ (ಕಾರ್ಟ್ರಿಡ್ಜನ್ನ ವಾಲ್ವಿಗೆ ಜೋಡಸೋ ತುಂಡು) ಯಾವ್ದು ಬರ್ತದ ನೋಡ್ರಿ, ಹೆಡ್ಡಿನೊಳಗಿನ ರಬ್ಬರ್ ರಿಂಗ್ ಸೀಳಿಲ್ಲ ಅನ್ನೋದು ನೋಡ್ರಿ. ತುಂಬೂಮುಂದ ಡಬ್ಬಿ ಮಂಜಿನಂಗ ತಣ್ಣಗ ಆಗ್ತದ, ಬರಿಗೈಲೆ ಹಿಡೀಬ್ಯಾಡ್ರಿ. ಬಿಸಲಾಗ ನಿಂತ ಕಾರಿನ್ಯಾಗೂ ಬಿಡಬ್ಯಾಡ್ರಿ.

ದೂರದಾರಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಇವತ್ತೇ ಎಲ್ಲಾ ಕೆಳಗೆ ಹರಡ್ಕೊಂಡು ಕೂತಿದೀನಿ. ಸೊಲ್ಯೂಷನ್ ಸೀಲ್ ಆಗಿದೆ, ಒತ್ತಿದ್ರೆ ಒಳಗೆ ಜರುಗುತ್ತೆ. ಪಂಪ್ ಮಾತ್ರ ಹೇಳಿದ ಹಾಗೇ, ಅರ್ಧಕ್ಕೆ ನಿಂತುಬಿಡ್ತು, ಗ್ರೀಸ್ ಹಚ್ಚಿ ನೋಡ್ತೀನಿ. ಇನ್ನೆರಡು ಡೌಟು. ಸೊಲ್ಯೂಷನ್ ಬೇಡದ, ಸ್ಟಿಕ್ಕರ್ ಥರ ಅಂಟಿಸೋ ಪ್ಯಾಚ್ ಬರುತ್ತಲ್ಲ, ಅದು ಇಟ್ಕೊಂಡ್ರೆ ಒಣಗೋ ತಾಪತ್ರಯ ತಪ್ಪುತ್ತಾ? ಮತ್ತೆ ಮಲ್ಟಿಟೂಲ್‌ನಲ್ಲಿ ಏನು ಚೆಕ್ ಮಾಡೋದು, ಕಬ್ಬಿಣ ತಾನೇ?

ಚೈನ್‌ಮೇಡಂ:

ಸ್ಟಿಕ್ಕರ್ ಪ್ಯಾಚ್ ಬಗ್ಗೆ ಮೊದಲು. ಎರಡೂ ಕೆಲಸ ಮಾಡೋ ರೀತಿನೇ ಬೇರೆ. ಸೊಲ್ಯೂಷನ್ ಹಚ್ಚಿ ಕೆಲವು ನಿಮಿಷ ಬಿಟ್ಟು, ಮುಟ್ಟಿದ್ರೆ ಕೈಗೆ ಒದ್ದೆ ತಾಗದಷ್ಟು ಒಣಗಿದ ಮೇಲೆ ಪ್ಯಾಚ್ ಒತ್ತಿದ್ರೆ ಪ್ಯಾಚಿನ ತಳದ ರಬ್ಬರಿಗೂ ಟ್ಯೂಬಿಗೂ ರಾಸಾಯನಿಕವಾಗಿ ಬೆಸುಗೆ ಆಗುತ್ತೆ, ಸರಿಯಾಗಿ ಹಾಕಿದ್ರೆ ಟ್ಯೂಬ್ ಇರೋವರೆಗೂ ಅದು ಇರುತ್ತೆ. ಒಣಗೋಕೆ ಮುಂಚೆ ಅವಸರ ಮಾಡಿ ಒತ್ತಿದ್ರೆ ಕಿತ್ತು ಬರುತ್ತೆ. ಸ್ಟಿಕ್ಕರ್ ಪ್ಯಾಚ್ ಬರೀ ಅಂಟು ಅಷ್ಟೇ, ಮನೆ ಸೇರೋವರೆಗೆ ಸಾಕು, ಮಳೇಲಿ ಚಳೀಲಿ ಸೊಲ್ಯೂಷನ್ ಒಣಗದೇ ಇದ್ದಾಗ ಅದು ದೇವರ ಹಾಗೆ ಕೈ ಹಿಡಿಯುತ್ತೆ. ಆದ್ರೆ ಅದರ ಅಂಟೂ ಬಿಸಿಲಿಗೆ, ವರ್ಷ ಕಳೆದ ಹಾಗೆ ಹಾಳಾಗುತ್ತೆ. ನಾನು ಎರಡೂ ಇಟ್ಕೊಳ್ತೀನಿ, ಸ್ಟಿಕ್ಕರ್ ಡಬ್ಬಿ ಮೇಲೆ ತಗೊಂಡ ತಿಂಗಳು ಬರೆದಿಡ್ತೀನಿ.

ಮಲ್ಟಿಟೂಲ್ ಕಬ್ಬಿಣ ಅಂತಾನೇ ನೋಡ್ಬೇಕು ಸರ್, ತುಕ್ಕು ಹಿಡಿಯೋದೇ ಅದು. ಹಿಂದಿನ ಚಕ್ರದ ನೀರೆಲ್ಲ ಸೀಟ್ ಕೆಳಗಿನ ಬ್ಯಾಗಿಗೇ ಹೊಡೆಯೋದು, ಮಳೇಲಿ ಬಂದ ದಿನ ಸೈಕಲ್ ಒರೆಸಿ ಬ್ಯಾಗನ್ನ ಹಾಗೇ ಬಿಟ್ರೆ ಒಂದು ವಾರದಲ್ಲಿ ಕೀಲುಗಳು ಹಿಡ್ಕೊಂಡು ತೆರೆಯೋಕೇ ಬರಲ್ಲ. ಪ್ರತಿ ಕೀಲಿಗೂ ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಮಡಚಿ ಬಿಚ್ಚಿ, ಹೆಚ್ಚಿನ ಎಣ್ಣೆ ಒರೆಸಿ ಜಿಪ್‌ಲಾಕ್ ಕವರಲ್ಲಿ ಹಾಕಿ. ಟ್ಯೂಬಿಗೆ ಎಣ್ಣೆ ತಾಗಬಾರ್ದು, ರಬ್ಬರ್ ಊದಿ ಮೆತ್ತಗಾಗುತ್ತೆ, ಅದಕ್ಕೇ ಬೇರೆ ಕವರ್.

ಆಮೇಲೆ ಮುಖ್ಯವಾದ್ದು: ಆ ಟೂಲ್ ಹಿಡ್ಕೊಂಡು ಸೈಕಲ್ಲಿನ ಒಂದೊಂದು ಬೋಲ್ಟಿನ ಹತ್ರಾನೂ ಹೋಗಿ. ಸೀಟ್, ಹ್ಯಾಂಡಲ್, ಬಾಟಲ್ ಸ್ಟ್ಯಾಂಡ್, ಬ್ರೇಕ್, ಆಕ್ಸಲ್, ಶೂಗೆ ಕ್ಲೀಟ್ (ಪೆಡಲಿಗೆ ಸಿಕ್ಕಿಸೋ ತುಂಡು) ಇದ್ರೆ ಅದರ ಬೋಲ್ಟು ಕೂಡ. ಪ್ರತಿಯೊಂದಕ್ಕೂ ಕೀ ಕೂರುತ್ತಾ, ತಿರುಗಿಸೋಕೆ ಜಾಗ ಸಿಗುತ್ತಾ ನೋಡಿ. ಹೆಚ್ಚಿನ ಕಡೆ 4, 5 ಮಿ.ಮೀ. ಅಲೆನ್ ಕೀ (ಆರು ಮೂಲೆಯದು) ಸಾಕಾಗುತ್ತೆ, ಹಾಗಾಗಿ ಅವೇ ಮೊದಲು ಸವೆಯೋದು, ಮೂಲೆ ದುಂಡಗಾಗಿದ್ರೆ ಬೋಲ್ಟಿನ ತಲೇನೂ ಹಾಳು ಮಾಡುತ್ತೆ. ಡಿಸ್ಕ್ ರೋಟರ್ ಆರು ಬೋಲ್ಟಿನದಾದ್ರೆ ಟಿ25 ಟಾರ್ಕ್ಸ್ (ನಕ್ಷತ್ರದ ಆಕಾರದ ಕೀ) ಬೇಕು. ಥ್ರೂ ಆಕ್ಸಲ್‌ಗೆ (ಚಕ್ರದ ಮಧ್ಯ ತೂರಿಸಿ ಫ್ರೇಮಿಗೆ ತಿರುಗಿಸೋ ದಪ್ಪ ಅಚ್ಚು) ಸಾಮಾನ್ಯವಾಗಿ 6ರ ಅಲೆನ್, ಅದು ನಿಮ್ಮ ಟೂಲಲ್ಲಿ ಇಲ್ಲಾಂದ್ರೆ ಚಕ್ರಾನೇ ಬಿಚ್ಚೋಕಾಗಲ್ಲ, ಉಳಿದ ಕಿಟ್ ಎಷ್ಟೇ ಚೆನ್ನಾಗಿದ್ರೂ ಉಪಯೋಗ ಇಲ್ಲ. ನಟ್ ಇರೋ ಆಕ್ಸಲ್ ಆದ್ರೆ 15ರ ಸ್ಪ್ಯಾನರ್ ಬೇರೆನೇ ಇಟ್ಕೊಳ್ಬೇಕು. ಚಿಕ್ಕ ಟೂಲಲ್ಲಿ ಆಕ್ಸಲ್ ಬಿಚ್ಚೋಷ್ಟು ಬಲ ಹಾಕೋಕಾಗುತ್ತಾ ಅನ್ನೋದನ್ನೂ ಮನೇಲೇ ನೋಡಿ, ಕೆಲವು ಸಲ ಅಂಗಡೀಲಿ ಉದ್ದ ಕೀ ಹಾಕಿ ಬಿಗಿದಿರ್ತಾರೆ, ಕೈ ಟೂಲಿಗೆ ಅಲ್ಲಾಡಲ್ಲ.

ಚೈನ್ ಬ್ರೇಕರ್ (ಚೈನ್ ಬಿಚ್ಚೋ ಟೂಲ್) ಇದ್ರೆ ಅದರ ಪಿನ್ ನೆಟ್ಟಗಿದ್ಯಾ ನೋಡಿ. ಹಳೇ ಚೈನಿನ ತುಂಡು ಸಿಕ್ಕಿದ್ರೆ ಒಂದು ಸಲ ಕಟ್ ಮಾಡಿ ಅಭ್ಯಾಸ ಮಾಡ್ಕೊಳ್ಳಿ, ಪಿನ್ ಮಧ್ಯಕ್ಕೆ ಕೂರ್ದೇ ಒತ್ತಿದ್ರೆ ಬ್ರೇಕರ್ ಪಿನ್ನೇ ಬಾಗುತ್ತೆ. ಲಿಸ್ಟಲ್ಲಿ ನೀವು ಕ್ವಿಕ್ ಲಿಂಕ್ (ತುಂಡಾದ ಚೈನ್ ಮತ್ತೆ ಜೋಡಿಸೋ ಕೊಂಡಿ) ಬರೆದಿಲ್ಲ, ಒಂದು ಹಾಕ್ಕೊಳ್ಳಿ, ಅದು 11 ಸ್ಪೀಡಿಂದೇ ಆಗಿರ್ಬೇಕು, 10ರದ್ದು ಅಗಲ ಬೇರೆ. ಅದು ಎರಡು ಅರ್ಧ ಸೇರಿ ಒಂದು ಆಗೋದು, ಬ್ಯಾಗಲ್ಲಿ ಒಂದು ಅರ್ಧ ಉದುರಿ ಹೋಗಿರೋದು ತುಂಬಾ ಸಾಮಾನ್ಯ. ಎರಡನ್ನೂ ಸೇರಿಸಿ ಟೇಪ್ ಸುತ್ತಿ ಪ್ಯಾಚ್ ಡಬ್ಬಿ ಒಳಗೆ ಅಂಟಿಸಿಡಿ. 11 ಸ್ಪೀಡ್ ಲಿಂಕನ್ನ ಶಿಮಾನೊ ಥರದ ಕಂಪನಿಗಳು ಒಂದೇ ಸಲಕ್ಕೆ ಅಂತ ಹೇಳ್ತಾರೆ, ಹಾಗಾಗಿ ಬಿಚ್ಚಿದ ಹಳೇ ಲಿಂಕ್ ಸ್ಪೇರ್ ಅಂತ ಇಡ್ಬೇಡಿ.

ಟಯರ್ ಲಿವರ್ ಹೆಚ್ಚು ಹೇಳೋದಿಲ್ಲ, ಬಾಗಿಸಿ ನೋಡಿ, ಬಿಳಿ ಗೆರೆ ಕಂಡ್ರೆ ಮುರಿಯೋ ಹಂತಕ್ಕೆ ಬಂದಿದೆ ಅಂತ. ಎರಡರ ಬದಲು ಮೂರು ಇರ್ಲಿ.

ಬೆಟ್ಟದಸವಾರಿ:

ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದ ಟಯರ್) ಇರೋರಿಗೆ ಎರಡು ಮಾತು ಸೇರಿಸ್ತೀನಿ. ಟಯರಿನ ತೂತಿಗೆ ಪ್ಲಗ್ ಹಾಕೋ ಅಂಟು ಬತ್ತಿಗಳೂ ಒಣಗುತ್ತವೆ, ಬೆರಳಲ್ಲಿ ಹಿಡಿದ್ರೆ ಇನ್ನೂ ಜಿಗುಟು ಇರ್ಬೇಕು. ಸೀಲೆಂಟ್ (ಟಯರ್ ಒಳಗೆ ಇದ್ದು ತೂತು ಮುಚ್ಚೋ ದ್ರವ) ಹವೆ ನೋಡ್ಕೊಂಡು ಎರಡರಿಂದ ಆರು ತಿಂಗಳು ಬರುತ್ತೆ, ಚಕ್ರ ಕಿವಿ ಹತ್ರ ಇಟ್ಟು ಅಲ್ಲಾಡಿಸಿದ್ರೆ ನೀರಿನ ಸದ್ದು ಬರುತ್ತಾ ನೋಡಿ. ಆಮೇಲೆ ಯಾರೂ ನೋಡದೇ ಇರೋದು ವಾಲ್ವಿನ ಬುಡದ ನಟ್. ಟಯರ್ ಪಕ್ಕ ಸೀಳಿ ಸೀಲೆಂಟ್ ನಿಲ್ಲದೇ ಇದ್ರೆ ಕೊನೆಗೆ ಟ್ಯೂಬೇ ಹಾಕ್ಬೇಕು, ಅದಕ್ಕೆ ಟ್ಯೂಬ್‌ಲೆಸ್ ವಾಲ್ವ್ ಬಿಚ್ಚಿ ತೆಗೀಬೇಕು, ಆ ನಟ್ ಒಣಗಿದ ಸೀಲೆಂಟಲ್ಲಿ ಅಂಟಿ ಕೂತಿದ್ರೆ ಬರೀ ಬೆರಳಲ್ಲಿ ಬರಲ್ಲ. ಮನೇಲಿ ಒಂದು ಸಲ ಬಿಚ್ಚಿ ಒರೆಸಿ ಕೈಯಲ್ಲೇ ಬಿಗಿ ಮಾಡಿಡಿ.

ಟಯರ್ ಸೀಳಿದ ಕಡೆ ಒಳಗಿಂದ ಇಡೋಕೆ ಒಂದು ತುಂಡು ಎಲ್ಲರ ಹತ್ರಾನೂ ಇರ್ಲಿ, ಟ್ಯೂಬ್ ಹಾಕೋರಿಗೂ ಬೇಕು. ಸವೆದ ಹಳೇ ರೋಡ್ ಟಯರಿಂದ ಬೆರಳುದ್ದ ಕತ್ತರಿಸಿ ಅಂಚು ತೆಳ್ಳಗೆ ಮಾಡ್ಕೊಳ್ಳಿ. ಅಂಚು ಚೂಪಾಗಿ ಬಿಟ್ರೆ ಅದೇ ಟ್ಯೂಬನ್ನ ಉಜ್ಜಿ ಮತ್ತೆ ಪಂಚರ್ ಮಾಡುತ್ತೆ.

ದೂರದಾರಿ:

ಮೇಡಂ ಹೇಳಿದ ಹಾಗೆ ಬೋಲ್ಟ್ ಬೋಲ್ಟಿಗೂ ಹೋಗಿ ನೋಡಿದೆ, ನನ್ನ ಟೂಲಲ್ಲಿ ಟಿ25 ಇಲ್ವೇ ಇಲ್ಲ, 6 ಇದೆ. ಪಂಪ್ ಗ್ರೀಸ್ ಹಚ್ಚಿದ ಮೇಲೆ ಪೂರ್ತಿ ಒತ್ತಡಕ್ಕೆ ಏರ್ತು, ಗಾಳಿಗಾಡಿಯವರಿಗೆ ಸ್ಪೆಷಲ್ ಥ್ಯಾಂಕ್ಸ್. ಕೊನೇ ಪ್ರಶ್ನೆ, ಎಷ್ಟು ದಿನಕ್ಕೊಮ್ಮೆ ಇದೆಲ್ಲ ಮಾಡ್ಬೇಕು? ಮತ್ತೆ ಪ್ಯಾಚ್ ಹಾಕಿದ ಟ್ಯೂಬನ್ನ ಸ್ಪೇರ್ ಆಗಿ ಇಟ್ಕೊಳ್ಬಹುದಾ, ಇಲ್ಲಾ ಸ್ಪೇರ್ ಅಂದ್ರೆ ಹೊಸದೇ ಇರ್ಬೇಕಾ?

ಹಳೇಟಯರ್:

ದಿನ ಲೆಕ್ಕ ಹಾಕೋದಕ್ಕಿಂತ ಸಂದರ್ಭ ಹಿಡ್ಕೊಳ್ಳಿ. ಕಿಟ್ ಬಳಸಿದ ದಿನ ರಾತ್ರೀನೇ ಖರ್ಚಾಗಿದ್ದು ತುಂಬ್ಸಿ, ನಾಳೆ ಅಂದ್ರೆ ಮರ್ತೇ ಹೋಗುತ್ತೆ. ಮಳೇಲಿ ಹೋಗಿ ಬಂದ್ರೆ ಬ್ಯಾಗ್ ಖಾಲಿ ಮಾಡಿ ಒಣಗಿಸಿ. ಸೈಕಲ್ಲಿಗೆ ಟಯರ್, ಚೈನ್, ಚಕ್ರ ಏನೇ ಹೊಸದು ಹಾಕಿದ್ರೂ ಕಿಟ್ ಅದಕ್ಕೆ ಹೊಂದುತ್ತಾ ನೋಡಿ. ದೊಡ್ಡ ರೈಡಿಗೆ ಒಂದೆರಡು ವಾರ ಮುಂಚೆ ಪೂರ್ತಿ ಒಂದು ಸಲ. ಹಿಂದಿನ ದಿನ ಬೇಡ, ಏನಾದ್ರೂ ಕೆಟ್ಟಿದ್ರೆ ತರೋಕೆ ಟೈಮಿರಲ್ಲ.

ಆ ಪೂರ್ತಿ ಚೆಕ್ ಹೇಗೆ ಅಂದ್ರೆ, ಒಂದು ಸಂಜೆ ಕೂತು ಹಿಂದಿನ ಚಕ್ರ ಬಿಚ್ಚಿ, ಬ್ಯಾಗಲ್ಲಿರೋ ಸಾಮಾನಿಂದ ಮಾತ್ರ ಟ್ಯೂಬ್ ಬದಲಾಯಿಸಿ. ಮನೇಲಿರೋ ಬೇರೆ ಯಾವ ಟೂಲನ್ನೂ ಮುಟ್ಬಾರ್ದು. ಹಿಂದಿನ ಚಕ್ರಾನೇ ಯಾಕೆ ಅಂದ್ರೆ ಚೈನ್, ಡಿರೇಲರ್ (ಗೇರ್ ಬದಲಾಯಿಸೋ ಭಾಗ) ಇರೋದ್ರಿಂದ ಕಷ್ಟ ಅದೇ. ಮಾಡ್ತಾ ಮಾಡ್ತಾ ಕೈ ಯಾವುದಕ್ಕೆ ಹುಡುಕುತ್ತೋ ಅದು ಕಿಟ್‌ನಲ್ಲಿ ಇಲ್ಲ ಅಂತ ಅರ್ಥ. ಹೀಗೆ ಮಾಡಿದೋರಿಗೇ ಗ್ಲೌಸ್ ಬೇಕು, ತೂತು ಗುರುತು ಮಾಡೋಕೆ ಪೆನ್ ಬೇಕು ಅನ್ನೋದೆಲ್ಲ ಹೊಳೆಯೋದು. ಟಯರ್ ಮೇಲಿನ ಹೆಸರನ್ನ ವಾಲ್ವ್ ನೇರಕ್ಕೆ ಬರೋ ಹಾಗೆ ಕೂರಿಸಿ, ಮುಂದೆ ಟ್ಯೂಬಲ್ಲಿ ತೂತು ಸಿಕ್ಕಿದ್ರೆ ಟಯರಲ್ಲಿ ಮುಳ್ಳು ಎಲ್ಲಿದೆ ಅಂತ ವಾಲ್ವಿಂದ ಅಳೆದು ನೇರ ಅಲ್ಲಿಗೇ ಹೋಗಬಹುದು. ತೂತು ರಿಮ್ ಕಡೆ ಇದ್ರೆ ಮುಳ್ಳು ಹುಡುಕ್ಬೇಡಿ, ರಿಮ್ ಟೇಪ್ (ರಿಮ್ ಒಳಗಿನ ಸ್ಪೋಕ್ ತೂತು ಮುಚ್ಚೋ ಪಟ್ಟಿ) ಜರುಗಿದ್ಯಾ ನೋಡಿ. ಅಕ್ಕಪಕ್ಕ ಎರಡು ತೂತು ಇದ್ರೆ ಗಾಳಿ ಕಮ್ಮಿ ಇದ್ದಾಗ ಗುಂಡಿಗೆ ಇಳಿದು ರಿಮ್ ಕಚ್ಚಿರೋದು.

ಪ್ಯಾಚ್ ಹಾಕಿದ ಟ್ಯೂಬ್ ಧಾರಾಳವಾಗಿ ಇಟ್ಕೊಳ್ಳಿ, ನಾನಂತೂ ಅದನ್ನೇ ಇಡೋದು. ಆದ್ರೆ ಪ್ಯಾಚ್ ಹಾಕಿದ ತಕ್ಷಣ ಮಡಚಿ ಬ್ಯಾಗಿಗೆ ತುರುಕ್ಬೇಡಿ, ಪ್ಯಾಚ್ ಸುತ್ತ ಉಳಿದಿರೋ ಸೊಲ್ಯೂಷನ್ ಟ್ಯೂಬಿನ ಇನ್ನೊಂದು ಭಾಗಕ್ಕೆ ಅಂಟ್ಕೊಂಡು, ಬಿಚ್ಚುವಾಗ ಕಿತ್ತು ಬರುತ್ತೆ. ಅಲ್ಲಿ ಸ್ವಲ್ಪ ಟಾಲ್ಕಂ ಪೌಡರ್ ಉದುರಿಸಿ, ಒಂದು ರಾತ್ರಿ ಗಾಳಿ ಹಾಕಿಟ್ಟು ನೋಡಿ, ಬೆಳಗ್ಗೆ ಇಳಿದಿಲ್ಲ ಅಂದ್ರೆ ಮಡಚಿ ಸಾಕ್ಸ್ ಒಳಗೆ ಹಾಕಿ. 200ಕ್ಕೆ ಹೋಗುವಾಗ ಸ್ಪೇರ್ ಟ್ಯೂಬ್ ಎರಡು ಇರ್ಲಿ.